ಕಾಕ್‌ಪಿಟ್‌ನಲ್ಲಿ ಇರಬೇಕಾಗಿದ್ದ ನನ್ನ ಫೋಟೊ

ಯುದ್ಧವಿಮಾನ ಹಾರಿಸುವವರ ಬದುಕನ್ನು ನನ್ನಷ್ಟು ಬಲ್ಲವರು ಇಡೀ ಗೋಕಾಕದಲ್ಲಿ ಇನ್ನೊಬ್ಬರಿಲ್ಲ ಎಂದು ಹೋದ ತಿಂಗಳ ಎರಡನೆಯ ಶನಿವಾರ ಸಂಜೆ ನಾಲ್ಕು ಗಂಟೆಯವರೆಗೆ ನಾನು ನಂಬಿದ್ದೆ. ಐದು ಗಂಟೆಯ ಹೊತ್ತಿಗೆ ಆ ನಂಬಿಕೆ ನೆಲಕ್ಕಪ್ಪಳಿಸಿತ್ತು. ಪ್ಯಾರಾಶೂಟ್ ತೆರೆಯಲೇ ಇಲ್ಲ!

ನನ್ನ ಕ್ವಾಲಿಫಿಕೇಶನ್ ಸಣ್ಣದೇನಲ್ಲ. ವಿಮಾನದಲ್ಲಿ ಕೂತದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಕಣ್ಣು ಮುಚ್ಚಿಕೊಂಡು. ಆದರೆ ವಿಮಾನ ಹಾರುವ ಯುದ್ಧಚಿತ್ರ ಒಂದನ್ನೂ ಬಿಟ್ಟವಳಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್‌ಗಳ ಕಣ್ಣು ತಪ್ಪಿಸಿ ಟಾಕೀಸಿಗೆ ಓಡುತ್ತಿದ್ದೆ. ಈಗ ಎಪ್ಪತ್ತೈದರಲ್ಲಿ ಮೊಬೈಲನ್ನು ಮೂಗಿನ ತುದಿಗೆ ಹಿಡಿದು ನೋಡುತ್ತೇನೆ. ಹೀಗಾಗಿ ಕೆಲವು ಶಾಶ್ವತ ಸತ್ಯಗಳು ನನಗೆ ಗೊತ್ತಿದ್ದವು. ಪೈಲಟ್‌ಗಳು ಎಂದೂ ಒಬ್ಬೊಬ್ಬರೇ ನಡೆಯುವುದಿಲ್ಲ. ನಾಲ್ವರು ಸಾಲಾಗಿ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು, ಬಹಳ ನಿಧಾನವಾಗಿ ಬರುತ್ತಾರೆ. ಬಿಡುವಿದ್ದಾಗ ಹಾಡುತ್ತಾರೆ. ಕಾಕ್‌ಪಿಟ್‌ನಲ್ಲಿ ಪ್ರೇಯಸಿಯ ಫೋಟೊ ಇಟ್ಟಿರುತ್ತಾರೆ. ಶತ್ರುವಿನ ಪೈಲಟ್ ಗಹಗಹಿಸಿ ನಗುವುದು ಇವರಿಗೆ ಸ್ಪಷ್ಟವಾಗಿ ಕಾಣುತ್ತದೆ.

ಇದಕ್ಕೂ ದೊಡ್ಡ ಕ್ವಾಲಿಫಿಕೇಶನ್ ಒಂದಿತ್ತು. ನಾನು ಪೈಲಟ್ ಒಬ್ಬರ ಹೆಂಡತಿ ಆಗಬೇಕಾದವಳು!

ನನ್ನ ಹತ್ತೊಂಬತ್ತರಲ್ಲಿ ನಮ್ಮ ಹುಕ್ಕೇರಿಯ ಮನೆಗೆ ಏರ್‌ಫೋರ್ಸಿನ ವರ ನನ್ನನ್ನು ನೋಡಲು ಬಂದಿದ್ದ. ಅದಕ್ಕೆ ಒಂದು ವಾರ ಮೊದಲು ವಕೀಲರಾಗಿದ್ದ ನಮ್ಮಪ್ಪ ಮನೆಮಂದಿಯನ್ನೆಲ್ಲ ಬೆಳಗಾವಿಗೆ ಕರೆದೊಯ್ದು ಒಂದು ಯುದ್ಧಚಿತ್ರ ತೋರಿಸಿದ್ದರು. ಅದರಲ್ಲಿ ನಾಯಕನ ಗೆಳೆಯ ತನ್ನ ಹುಡುಗಿಯ ಫೋಟೊವನ್ನು ವಿಮಾನದ ಗಡಿಯಾರಗಳ ಪಕ್ಕ ಸಿಕ್ಕಿಸಿ, ಅದಕ್ಕೆ ಮುತ್ತು ಕೊಟ್ಟು, ಹಾರಿ, ಇಂಟರ್‌ವಲ್ ಒಳಗೆ ಸತ್ತು ಹೋದ. ನನ್ನ ಮನಸ್ಸಿನಲ್ಲಿ ಮುತ್ತು ಉಳಿಯಿತು. ಅಪ್ಪನ ಮನಸ್ಸಿನಲ್ಲಿ ಸಾವು. ವರ ಬಂದುಹೋದ ಒಂದು ತಿಂಗಳಿಗೆ ಅಪ್ಪ, “ಮುಗಿಲಾಗಿಂದ ಬೀಳಾವ್ನಿಗೆ ನನ್ನ ಮಗಳನ್ನ ಕೊಡಾಂಗಿಲ್ಲ” ಎಂದುಬಿಟ್ಟರು.

ಕೊಟ್ಟದ್ದು ನೀರಾವರಿ ಇಲಾಖೆಯ ಎಂಜಿನಿಯರಿಗೆ. ಧುಪದಾಳದ ಒಡ್ಡಿನ ಗೇಟು ಏರಿಸುವುದು, ಇಳಿಸುವುದು ಇವರ ಕೆಲಸ. ಎತ್ತರ ಎಂದರೆ ಇವರಿಗೆ ಆಗದು. ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದರೆ ಇಬ್ಬರು ಹಿಡಿದುಕೊಳ್ಳಬೇಕು! ಆಕಾಶದಲ್ಲಿ ವಿಮಾನದ ಸದ್ದು ಕೇಳಿದಾಗಲೆಲ್ಲ ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಒಂದು ನಿಟ್ಟುಸಿರು ಬಿಡುತ್ತೇನೆ. ಇವರು ಪೇಪರಿನಿಂದ ತಲೆ ಎತ್ತದೆ, “ಮ್ಯಾಲ ಏನ್ ನೋಡ್ತಿ, ಹಾಲು ಉಕ್ಕಾಕತ್ತೈತಿ” ಎನ್ನುತ್ತಾರೆ. ಐವತ್ತು ವರ್ಷಗಳಿಂದ ಇದೇ ಡೈಲಾಗು.

ಈ ಕಥೆಯನ್ನು ನಮ್ಮ ಮಹಿಳಾ ಮಂಡಳದಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ! ಹೇಳಿದಂತೆಲ್ಲ ವರ ಎರಡು ಇಂಚು ಎತ್ತರವಾದ, ಗಾಗಲ್ಸ್ ಬಂತು, ಲೆದರ್ ಜಾಕೆಟ್ ಬಂತು. ಹೆಸರನ್ನು ಮಾತ್ರ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಸಿನಿಮಾದ ಪೈಲಟ್‌ಗಳಿಗೆ ವಿಜಯ್, ವಿಕ್ರಮ್ ಎಂದೆಲ್ಲ ಹೆಸರಿರುತ್ತದೆ. ನನ್ನ ಪೈಲಟ್‌ನ ಹೆಸರು ದುಂಡಪ್ಪ.

ಬಾಜೂ ಮನೆಯ ಶಾಂತಕ್ಕ ಒಬ್ಬಳು ಮಾತ್ರ ಈ ಕಥೆಯನ್ನು ಒಂದು ದಿನವೂ ನಂಬಿದವಳಲ್ಲ. ಹೋದ ತಿಂಗಳು ಅವಳೇ ಸುದ್ದಿ ತಂದಳು.

“ಅಕ್ಕಾರ, ಕಲ್ಲೋಳಿಗಿ ಒಬ್ರು ರಿಟಾಯರ್ಡ್ ವಿಂಗ್ ಕಮಾಂಡರ್ ಬಂದು ಮನಿ ಮಾಡ್ಯಾರಂತರಿ. ದುಂಡಪ್ಪ ಅಂತ ಹೆಸರಂತ.”

ನಾನು ಬಸಿಗೆ ಚಹಾ ಸುರಿಯುತ್ತಿದ್ದೆ, ಬಸಿ ತುಂಬಿ ಚೆಲ್ಲಿದರೂ ಸುರಿಯುತ್ತಲೇ ಇದ್ದೆ. ಶಾಂತಕ್ಕ ಬಸಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು.

“ಇವ್ರೇ ಏನ್ರಿ ಅವ್ರು? ಹಂಗಾದ್ರ ಮಂಡಳಕ್ಕ ಕರಸೋಣ್ರಿ! ಅವ್ರು ಬಂದು ಎಲ್ಲಾರ ಮುಂದ, ಹೌದು, ಹುಕ್ಕೇರಿಗಿ ಹೋಗಿದ್ದೆ, ಹುಡುಗಿ ಅಪ್ಪ ಒಲ್ಲೆ ಅಂದ ಅನ್ಲಿ. ಅವತ್ತಿನಿಂದ ನಾ ನಿಮ್ಮ ಕತಿಗೆ ಒಂದು ಮಾತು ಆಡಾಂಗಿಲ್ಲ.”

ಐವತ್ತು ವರ್ಷದ ಮರ್ಯಾದೆಯ ಪ್ರಶ್ನೆ. “ವೈ ನಾಟ್!” ಎಂದುಬಿಟ್ಟೆ.

ಕಾರ್ಯಕ್ರಮದ ಸಂಪೂರ್ಣ ಹೊಣೆ ನನ್ನದೇ. ವಿಷಯ: ‘ಯುದ್ಧಚಿತ್ರಗಳಲ್ಲಿ ವೈಮಾನಿಕರ ಬದುಕು ಎಷ್ಟು ನಿಜ?’ ನಾನು ಸಿನಿಮಾದ ತುಣುಕು ತೋರಿಸಿ ವಿವರಿಸುವುದು, ಅವರು ‘ನಿಜ, ನಿಜ’ ಎಂದು ತಲೆಯಾಡಿಸುವುದು, ಕೊನೆಗೆ ಹುಕ್ಕೇರಿಯ ಮಾತು ತಾನಾಗಿಯೇ ಬರುವುದು. ಪ್ಲಾನ್ ಎಷ್ಟು ಅಂದವಾಗಿತ್ತು!

ನನ್ನ ಗಂಡನ ಮನೆಯ ಹೆಸರು ಹೇಳಿ ಫೋನ್ ಮಾಡಿದೆ. “ಸರ್, ದಯವಿಟ್ಟು ಫ್ಲೈಯಿಂಗ್ ಸೂಟ್ ಹಾಕ್ಕೊಂಡು ಬರ್ರಿ.”

ಆ ಕಡೆಯಿಂದ ನಗು. “ಅದು ಈಗ ನನ್ನ ಒಂದು ಕಾಲಿಗೆ ಅಷ್ಟಽ ಸಾಕಾಗತೈತ್ರಿ, ಬಾಯಾರ!”

ಮೊದಲ ಅಪಶಕುನ. ನಾನು ಗಮನಿಸಲಿಲ್ಲ.

ಎರಡನೆಯದು ಬ್ಯಾನರು. ಚೂಪು ಮೂಗಿನ ಫೈಟರ್ ವಿಮಾನ ಬೇಕು ಎಂದು ಸಾರಿ ಸಾರಿ ಹೇಳಿದ್ದೆ. ಬಂದದ್ದು ಹೊಟ್ಟೆ ಜೋತ ದೊಡ್ಡ ವಿಮಾನ, ಆಗತಾನೇ ಊಟ ಮುಗಿಸಿ ಅಡ್ಡಾಗಿದೆಯೇನೋ ಎಂಬಂತಿತ್ತು. ಬದಲಿಸಲು ಹೊತ್ತಿರಲಿಲ್ಲ.

ಮೂರನೆಯದನ್ನು ಹೇಗೆ ಬರೆಯಲಿ? ಶನಿವಾರ ನಾಲ್ಕಕ್ಕೆ ನಾನು ಇದ್ದುದರಲ್ಲೇ ಒಳ್ಳೆಯ ಶಿಫಾನ್ ಸೀರೆಯುಟ್ಟು ಹಾರ ಹಿಡಿದು ಹಾಲ್‌ನ ಬಾಗಿಲಲ್ಲಿ ನಿಂತಿದ್ದೆ. ಬಂದರು! ಎತ್ತರದ ಆಳು, ಬೆಳ್ಳಿಯಂಥ ಕೂದಲು, ಕಡ್ಡಿಯಂತೆ ನೆಟ್ಟಗಿನ ಬೆನ್ನು, ಕಪ್ಪು ಗಾಗಲ್ಸ್. ನಡಿಗೆಯೂ ನಿಧಾನ. ಉಳಿದ ಮೂವರಿಲ್ಲ ಎಂಬುದೊಂದೇ ಕೊರತೆ. “ವಿಂಗ್ ಕಮಾಂಡರ್ ಸರ್, ವಾಟ್ ಆನ್ ಆನರ್!” ಎಂದು ಹಾರ ಹಾಕಿ ಸೆಲ್ಯೂಟ್ ಹೊಡೆದೆ. ಮಂಡಳದ ನಲವತ್ತು ಮಂದಿ ಚಪ್ಪಾಳೆ ತಟ್ಟಿದರು.

“ಇದ್ಯಾಕ್ರಿ ಬಾಯಾರ?” ಎಂದರು ಅವರು. “ಮೂಡಲಗಿಯಿಂದ ಮೈಕ್ ಸೆಟ್ ಜೋಡ್ಸಾಕ ಬಂದೇನಿ. ಪ್ಲಗ್ ಎಲ್ಲೈತಿ?”

ಗಾಗಲ್ಸು ಕಣ್ಣಿನ ಪೊರೆ ತೆಗೆಸಿಕೊಂಡದ್ದಕ್ಕೆ. ಬೆನ್ನು ನೆಟ್ಟಗಿದ್ದದ್ದು ಸೊಂಟದ ಬೆಲ್ಟಿಗೆ!

ಅವರ ಹಿಂದಿನಿಂದ ಗಿಡ್ಡಗೆ, ಗುಂಡಗೆ ಇದ್ದ ಅಜ್ಜ ಒಬ್ಬರು ಕೈಚೀಲ ಹಿಡಿದು ಇಣುಕಿದರು. “ನಮಸ್ಕಾರ್ರಿ. ನಾ ದುಂಡಪ್ಪ. ಬಸ್ ಇವತ್ತ ಲಗೂನ ಬಂತ್ರಿ. ಹೊಲದಾಗಿನ ಬದನಿಕಾಯಿ ತಂದೇನಿ, ಒಳಗ ಇಡ್ರಿ.”

ಮೈಕಿನವರ ಕೊರಳಿನಿಂದ ಹಾರ ಬಿಡಿಸಿ ವಿಂಗ್ ಕಮಾಂಡರರ ಕೊರಳಿಗೆ ಹಾಕುವಾಗ ಅವರ ಮುಖವನ್ನು ನೋಡಿದೆ. ಹೌದು, ಅವನೇ. ಐವತ್ತಾರು ವರ್ಷಗಳಲ್ಲಿ ನನ್ನ ಕಥೆಯಲ್ಲಿ ಬೆಳೆದಷ್ಟೂ ಇಲ್ಲಿ ಕುಗ್ಗಿದ್ದ. ಅವರೂ ನನ್ನನ್ನು ನೋಡಿದರು. ಗುರುತು ಹತ್ತಲಿಲ್ಲ. ಅವರು ವೇದಿಕೆ ಹತ್ತುತ್ತಾ ಬ್ಯಾನರ್ ಕಂಡು, “ಅಗದೀ ಕರೆಕ್ಟ್ ಐತ್ರಿ! ನನ್ನ ವಿಮಾನದ ಹೊಟ್ಟಿನೂ ಹಿಂಗಽ ಇತ್ತು” ಎಂದು ಸಂತೋಷಪಟ್ಟರು.

“ಫೈಟರ್ ಅಲ್ಲೇನ್ರಿ ಸರ್?” ಎಂದೆ. ದನಿ ನನಗೇ ಕೇಳಿಸಲಿಲ್ಲ.

“ಛೇ, ಛೇ! ಟ್ರಾನ್ಸ್‌ಪೋರ್ಟ್. ಹಿಮದಾಗ ಕುಂತ ಜವಾನರಿಗೆ ಸೀಮೆಎಣ್ಣಿ, ಉಳ್ಳಾಗಡ್ಡಿ, ಜೀವಂತ ಕುರಿ ಒಯ್ತಿದ್ದೆ. ಕುರಿ ವಿಮಾನದಾಗ ವಾಂತಿ ಮಾಡ್ತಾವ್ರಿ, ಯಾವ ಸಿನಿಮಾದಾಗೂ ತೋರ್ಸಿಲ್ಲ.”

ಹಾಲ್ ತುಂಬ ನಗು. ನಾನು ಸಾವರಿಸಿಕೊಂಡು ಪರದೆಯ ಮೇಲೆ ತುಣುಕು ಹಾಕಿದೆ. ನಾಲ್ವರು ಪೈಲಟ್‌ಗಳು ಸಾಲಾಗಿ ಬಂದರು.

“ಹಿಂಗ ನಡಕೋತ ಬಂದ್ರ ಹವಾಮಾನ ಕೆಟ್ಟು ಹೋಗತೈತ್ರಿ,” ಎಂದರು ದುಂಡಪ್ಪನವರು. “ನಾವು ಓಡತಿದ್ವಿ. ಅದೂ ಮೊದಲು ಪಾಯಖಾನಿ ಕಡೆ.”

ಪರದೆಯ ಮೇಲೆ ನಾಯಕ ಮಾಸ್ಕ್ ಕಿತ್ತೆಸೆದು ದೇಶಪ್ರೇಮದ ಭಾಷಣ ಮಾಡಿದ.

“ಆ ಎತ್ತರದಾಗ ಮಾಸ್ಕ್ ತಗದ್ರ ಭಾಷಣ ಅರ್ಧಕ್ಕಽ ನಿಲ್ಲತೈತ್ರಿ. ಮನಶಾನೂ ನಿಲ್ತಾನ.”

ಶತ್ರು ಗಹಗಹಿಸಿದ.

“ನಮಗ ಮುಂದಿನ ಗುಡ್ಡಽ ಕಾಣ್ತಿರ್ಲಿಲ್ಲ. ಇವರಿಗಿ ಹಲ್ಲು ಕಾಣಾಕತ್ತಾವ!”

ನಾನು ಕೊನೆಯ ಅಸ್ತ್ರ ತೆಗೆದೆ. “ಆದ್ರ ಸರ್, ಪೈಲಟ್‌ನ ಹೆಂಡತಿಯ ಲೈಫ್? ಮೆಸ್ಸಿನ ಪಾರ್ಟಿ, ಡಾನ್ಸು, ಲಾನಿನ ಮೇಲೆ ಟೀ?”

ಅವರು ಕೊರಳಿನ ಹಾರ ತೆಗೆದು ಪಕ್ಕಕ್ಕಿಟ್ಟರು. “ಪಾರ್ಟಿ ಇರ್ತಿದ್ವು. ಆದ್ರ ನಮ್ಮಾಕಿ ಹೆಚ್ಚು ಮಾಡಿದ್ದು ಅಂದ್ರ ಕಬ್ಬಿಣದ ಟ್ರಂಕಿನ ಮ್ಯಾಲ ಹಳೇ ಊರಿನ ಹೆಸರ ಅಳಿಸಿ ಹೊಸಾ ಊರಿನ ಹೆಸರ ಬರಿಯೂದು. ಹದಿನಾಲ್ಕು ಸರ್ತಿ ಬರದ್ಲು. ಹವಾಮಾನ ಕೆಟ್ಟು ನಾ ತಡಾ ಮಾಡಿದ ದಿನ ಒಂದು ಮಾತೂ ಆಡತಿರಲಿಲ್ಲ, ಬರೇ ಚಪಾತಿ ಲಟ್ಟಿಸ್ಕೋತ ಇರ್ತಿದ್ಲು. ನಾ ಬರೂದ್ರಾಗ ಐವತ್ತು, ಅರವತ್ತು ಚಪಾತಿ ಆಗಿರ್ತಿದ್ವು. ಮರುದಿನ ಇಡೀ ಸ್ಕ್ವಾಡ್ರನ್ನಿಗೇ ನಮ್ಮನಿ ಚಪಾತಿ. ಈಗ ಆಕಿ ಹೋಗಿ ಎರಡು ವರ್ಷಾತು.”

ನಾನು ಶಿಫಾನಿನ ಸೆರಗನ್ನು ಸುಮ್ಮನೆ ಸರಿಪಡಿಸಿಕೊಂಡೆ. ಇಲ್ಲಿಗೇ ವಂದನಾರ್ಪಣೆ ಮಾಡಿಬಿಡಬಹುದಿತ್ತು. ಆದರೆ ಶಾಂತಕ್ಕ ಎದ್ದು ನಿಂತಳು.

“ಸರ್, ಒಂದು ಪ್ರಶ್ನೆರಿ. ನೀವು ಲಗ್ನಕ್ಕ ಮೊದಲು ಹುಕ್ಕೇರಿಗಿ ಹೆಣ್ಣು ನೋಡಾಕ ಹೋಗಿದ್ರೇನ್ರಿ?”

ವಿಂಗ್ ಕಮಾಂಡರರ ಮುಖ ಅರಳಿತು. “ಅರೇ! ನಿಮಗ ಯಾರ್ ಹೇಳಿದ್ರು? ಹೋಗಿದ್ದೆ! ವಕೀಲರ ಮಗಳು, ಕಾನ್ವೆಂಟ್ ಹುಡುಗಿ.”

ನಾನು ಶಾಂತಕ್ಕನ ಕಡೆ ಹೆಮ್ಮೆಯಿಂದ ನೋಡಿದೆ. ಅಷ್ಟಕ್ಕೇ ಅವಳು ಕೂತುಬಿಡಬಾರದೆ?

“ಮತ್ತ ಯಾಕ ಆಗಲಿಲ್ರಿ? ಅವರಪ್ಪ ಒಲ್ಲೆ ಅಂದ್ರೇನ್ರಿ?”

“ಇಲ್ರಿ. ವಕೀಲ್ರು ಒಪ್ಪಿ, ಎರಡು ಸಲ ಪತ್ರ ಬರದ್ರು. ನಾನಽ ಒಲ್ಲೆ ಅಂದೆ.”

ನನ್ನ ಕಿವಿಯಲ್ಲಿ ಎಂಜಿನ್ ಬಂದ್ ಆದ ಸದ್ದು.

“ಹುಡುಗಿ ಚಂದಿದ್ಲು. ಆದ್ರ ಅವಲಕ್ಕಿ ಪ್ಲೇಟ್ ಕೊಟ್ಲಲ್ರಿ, ಅದರ ಬುಡಕ ಒಂದು ಫೋಟೊ! ಕ್ಯಾಲೆಂಡರ್‌ನಷ್ಟು ದೊಡ್ಡದು. ಸ್ಟುಡಿಯೋದಾಗಿನ ರಟ್ಟಿನ ವಿಮಾನದಾಗ ಕುಂತು ಕೈ ಬೀಸಾಕತ್ತಾಳ! ಸಣ್ಣ ದನಿಲೆ, ‘ಪ್ಲೀಸ್ ಕೀಪ್ ಇಟ್ ಇನ್ ಯುವರ್ ಕಾಕ್‌ಪಿಟ್’ ಅಂದ್ಲು. ನಾನೂ ಹಿಂದಿನ ವಾರ ಬೆಳಗಾವಿಯೊಳಗ ಆ ಸಿನಿಮಾ ನೋಡಿದ್ದೆ. ಫೋಟೊ ಇಟಗೊಂಡಾಂವ ಇಂಟರ್‌ವಲ್ ಒಳಗಽ ಸತ್ತಿದ್ದ! ಸಿನಿಮಾದಾಗ ತೋರಸೂದೆಲ್ಲಾ ಸುಳ್ಳು ಅಂತ ನನಗ ಗೊತ್ತಿತ್ರಿ. ಆದ್ರೂ ಹೆದರಿಕಿ ಬಂತು. ಫೋಟೊ ಪೋಸ್ಟಿನಾಗ ತಿರುಗಿ ಕಳಿಸಿ ಕೈ ಮುಗದ್ಬಿಟ್ಟೆ.”

ಆ ಫೋಟೊ! ನನಗೇ ಮರೆತುಹೋಗಿತ್ತು. ಅಥವಾ ಮರೆತಂತೆ ಮಾಡಿ ಮಾಡಿ ಮರೆತಿದ್ದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ತಲೆ ಎತ್ತಬಾರದು ಎಂದು ಅಮ್ಮ ಹೇಳಿದ್ದಳು, ನಾನು ಎತ್ತಿರಲಿಲ್ಲ, ಓರೆಗಣ್ಣಿನಲ್ಲಿ ನೋಡಿದ್ದೆ ಅಷ್ಟೇ. ಫೋಟೊ ಕೊಡಬಾರದು ಎಂದು ಅವಳು ಹೇಳಿರಲಿಲ್ಲವಲ್ಲ! ನಮ್ಮಪ್ಪ ಸಾಯುವವರೆಗೂ ‘ನಾನೇ ಒಲ್ಲೆ ಅಂದೆ’ ಎಂದೇ ಹೇಳಿದರು. ಕೋರ್ಟಿನಲ್ಲಿ ಕೂಡ ಅಷ್ಟು ಚೆನ್ನಾಗಿ ಯಾರ ಪರವಾಗಿಯೂ ಅವರು ವಾದ ಮಾಡಿರಲಿಕ್ಕಿಲ್ಲ.

“ಆ ಹುಡುಗಿ ಈಗ ಎಲ್ಲಿದ್ದಾಳೋ,” ದುಂಡಪ್ಪನವರು ಮೈಕಿನಲ್ಲಿ ಮನಸಾರೆ ಹೇಳಿದರು, “ಯಾವ ಪುಣ್ಯಾತ್ಮಗ ಸಿಕ್ಕಾಳೋ!”

ಹಿಂದಿನ ಸಾಲಿನಲ್ಲಿ, ಹಂಚಲೆಂದು ತಂದ ಕರದಂಟಿನ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಮ್ಮ ಯಜಮಾನರು ನಿಧಾನವಾಗಿ ಕೈ ಎತ್ತಿದರು!

ಆಮೇಲಿನದನ್ನು ನಾನು ಬರೆಯುವುದಿಲ್ಲ. ಅಂದು ಮಂಡಳ ನಕ್ಕ ಸದ್ದಿಗೆ ಮೈಕಿನವರು ಎರಡು ಸಲ ವಾಲ್ಯೂಮ್ ಇಳಿಸಲು ನೋಡಿದರು ಎಂದರೆ ಸಾಕು. ದುಂಡಪ್ಪನವರು ಎದ್ದು ಬಂದು ನನಗೆ ಕೈ ಮುಗಿದು, “ಕ್ಷಮಾ ಮಾಡ್ರಿ ಬಾಯಾರ” ಎಂದರು. ನಾನು ಅವರ ಕೈಗೆ ಕರದಂಟು ಕೊಟ್ಟೆ. ಪೆಟ್ಟಿಗೆಯ ಬುಡದಲ್ಲಿ ಏನಾದರೂ ಇದೆಯೇ ಎಂದು ಅವರು ತಿರುಗಿಸಿ ನೋಡಿದರು!

ಮನೆಗೆ ಬರುವಾಗ ದಾರಿಯಲ್ಲಿ ಇವರೇ ಶುರು ಮಾಡಿದರು.

“ಆ ಫೋಟೊ ನಿಮ್ಮಪ್ಪ ನನಗ ತೋರಿಸಿದ್ರು. ನಾ ತಿರುಗಿ ಕೊಡಲಿಲ್ಲ. ರಿಟಾಯರ್ ಆಗೂ ತನಕಾ ಧುಪದಾಳದ ಆಫೀಸಿನ್ಯಾಗ, ಗೇಟಿನ ಚಾವಿ ಇಡೂ ಕಪಾಟಿನ ಬಾಗಲಾ ತಗದ್ರ ನೀನಽ. ವಿಮಾನದಾಗ ಕುಂತು ಕೈ ಬೀಸಾಕತ್ತಿ.”

“ನಿಮಗ ಹೆದರಿಕಿ ಆಗಲಿಲ್ಲೇನ್ರಿ?”

“ನಾ ಎಲ್ಲಿ ಆ ಸಿನಿಮಾ ನೋಡಿದ್ದೆ?” ಎಂದರು.

ಮರುದಿನ ಬೆಳಿಗ್ಗೆ ಆಕಾಶದಲ್ಲಿ ವಿಮಾನದ ಸದ್ದು. ಇನ್ನು ಮೇಲೆ ನೋಡುವುದಿಲ್ಲ ಎಂದು ಶಪಥ ಮಾಡಿ, ಹಾಲಿನ ಪಾತ್ರೆಯ ಮೇಲೇ ಕಣ್ಣಿಟ್ಟು ನಿಂತೆ. ಅಂಗಳದಿಂದ ಇವರ ಕೂಗು ಬಂತು.

“ಲಗೂ ಬಾ, ಲಗೂ ಬಾ! ಹೊಟ್ಟಿ ದೊಡ್ಡದೈತಿ! ಕುರಿ ಒಯ್ಯಾಕತ್ತಿರಬೇಕು!”

ಓಡಿ ಹೋಗಿ ನೋಡಿದೆ. ಇಬ್ಬರೂ ಹಣೆಗೆ ಕೈ ಅಡ್ಡ ಹಿಡಿದು, ಅದು ಮರೆಯಾಗುವವರೆಗೆ ನಿಂತಿದ್ದೆವು.

ಒಳಗೆ ಹಾಲು ಉಕ್ಕಿ, ಒಲೆ ಆರಿತ್ತು.