ಬಾಯಲ್ಲಿಟ್ಟ ಅರ್ಧ ಒಬೊಲ್

ತೂತು ಇದ್ದದ್ದು ಅಂಗಿಯ ಜೇಬಿನಲ್ಲಿ. ಕಿರುಬೆರಳೂ ತೂರದಷ್ಟು ಸಣ್ಣದು. ಆದರೆ ಬೈಂಡರ್ ಆ ಜೇಬಿನಲ್ಲಿಟ್ಟಿದ್ದ ವಸ್ತು ಬೇಳೆಕಾಳಿಗಿಂತ ಸ್ವಲ್ಪವೇ ದೊಡ್ಡದಾಗಿತ್ತು. ಬಸ್ ನಿಲ್ದಾಣದಲ್ಲಿ ಎದೆಯ ಮೇಲೆ ತಣ್ಣಗೆ ಏನೋ ಜಾರಿದಂತಾಗಿ, ಅವನು ಅಲ್ಲೇ ಹೊಟ್ಟೆ ಒತ್ತಿ ಹಿಡಿದು ನಿಂತುಬಿಟ್ಟ. ವಸ್ತು ಬೆಲ್ಟಿನ ಹತ್ತಿರ ಸಿಕ್ಕಿತು.

ಅದೊಂದು ಗ್ರೀಕ್ ನಾಣ್ಯ. ಅರ್ಧ ಒಬೊಲ್ ಎಂದು ಹೆಸರು. ಎರಡು ಸಾವಿರದ ನಾನೂರು ವರ್ಷ ಹಳೆಯ ಬೆಳ್ಳಿ. ಒಂದು ಕಡೆ ದೇವತೆಯ ಮುಖ, ಇನ್ನೊಂದು ಕಡೆ ಗೂಬೆ. ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಬೈಂಡರನ ಕೆಲಸ. ಹರಿದು ಬಂದ ಗ್ರೀಕ್ ಚರಿತ್ರೆಯ ಪುಸ್ತಕವೊಂದನ್ನು ಹೊಲಿಯುತ್ತಾ ಓದಿ ಅವನಿಗೆ ಈ ಹುಚ್ಚು ಹಿಡಿದಿತ್ತು. ಹತ್ತು ವರ್ಷದಲ್ಲಿ ಒಂಬತ್ತು ನಾಣ್ಯ ಕೂಡಿಸಿದ್ದ. ಒಂಬತ್ತನ್ನೂ ಒಟ್ಟಿಗೆ ಅಂಗೈಯಲ್ಲಿಟ್ಟರೂ ಅಂಗೈ ಖಾಲಿಯೇ ಕಾಣುತ್ತಿತ್ತು.

ಇವತ್ತು ನಾಲ್ಕು ಗಂಟೆಗೆ ನಾಣ್ಯ ಸಂಘದಲ್ಲಿ ಅವನ ಪರೀಕ್ಷೆ. ಸಂಘದಲ್ಲಿದ್ದವರೆಲ್ಲ ವಕೀಲರು, ಎಂಜಿನಿಯರುಗಳು, ನಿವೃತ್ತ ಅಧಿಕಾರಿಗಳು. ಬೈಂಡರನನ್ನು ಈಗಾಗಲೇ ಎರಡು ಸಲ ತಿರಸ್ಕರಿಸಿದ್ದರು. ಮೂರನೇ ಸಲವೂ ಹಾಗೇ ಆದರೆ ಜನ್ಮದಲ್ಲಿ ಮತ್ತೆ ಅರ್ಜಿ ಹಾಕುವಂತಿಲ್ಲ. ಪರೀಕ್ಷೆ ಸರಳ: ಒಂದು ನಾಣ್ಯ ತರಬೇಕು, ಸಂಘದ ಹಿರಿಯರಾದ ಗಾಜಜ್ಜ ಅದನ್ನು ಭೂತಗನ್ನಡಿಯಲ್ಲಿ ನೋಡಿ ‘ಅಸಲಿ’ ಅಥವಾ ‘ನಕಲಿ’ ಎನ್ನಬೇಕು. ನಲವತ್ತು ವರ್ಷದಲ್ಲಿ ಗಾಜಜ್ಜನ ಮಾತು ಒಮ್ಮೆಯೂ ತಪ್ಪಿರಲಿಲ್ಲ.

ನಾಣ್ಯವನ್ನು ಎಲ್ಲಿಡುವುದು? ಪ್ಯಾಂಟಿನ ಜೇಬಿನಲ್ಲಿ ಬೀಗದ ಕೈಗೊಂಚಲು, ದಬ್ಬಳ. ಒಂದು ಗೀರು ಬಿದ್ದರೂ ಮುಗಿಯಿತು. ಮನೆಯಲ್ಲಿ ಕಣ್ಣಿಗೆ ಬೀಳುವಂಥ ಡಬ್ಬಿ ತರುವಂತಿರಲಿಲ್ಲ. “ಇನ್ನೊಂದು ನಾಣ್ಯ ಮನೆಗೆ ಬಂದ್ರೆ ನಾನು ಹೊರಗೆ” ಎಂದು ಹೆಂಡತಿ ಹೇಳಿದ ಮೇಲೆ ಬಂದ ನಾಣ್ಯ ಇದು. ಅಷ್ಟರಲ್ಲಿ ಬಸ್ಸು ಬಂತು. ಪುಸ್ತಕದ ಒಂದು ಸಾಲು ಬೈಂಡರನಿಗೆ ನೆನಪಾಯಿತು. ಗ್ರೀಕರು ಪೇಟೆಗೆ ಹೋಗುವಾಗ ಚಿಕ್ಕ ನಾಣ್ಯಗಳನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಇಡೀ ಒಂದು ನಾಡು ಮಾಡಿದ್ದನ್ನು ತಾನು ಅರ್ಧ ಗಂಟೆ ಮಾಡಲಾರೆನೇ? ಅವನು ನಾಣ್ಯವನ್ನು ನಾಲಗೆಯ ಕೆಳಗಿಟ್ಟು, ರಾಜನಂತೆ ಬಸ್ಸು ಹತ್ತಿದ.

“ಎಲ್ಲಿಗೆ?” ಎಂದ ಕಂಡಕ್ಟರ್.

“ಹ್ಞೂಂ” ಎಂದ ಬೈಂಡರ್.

“ಹ್ಞೂಂ ಅನ್ನೋ ಸ್ಟಾಪ್ ನಮ್ಮ ರೂಟಲ್ಲಿಲ್ಲ ಸ್ವಾಮಿ.”

“ಪಾಪ, ಮೂಗರು ಅಂತ ಕಾಣುತ್ತೆ” ಎಂದರು ಪಕ್ಕದವರು.

“ಯಾರ್ರೀ ಮೂಗರು? ನಮ್ಮ ಬೀದಿಯವರು ಕಣ್ರೀ! ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು, ಮಾತು ಕಡಿಮೆ, ಅಷ್ಟೆ.”

ಬೈಂಡರ್ ತಿರುಗಿ ನೋಡಿದ. ಹಿಂದಿನ ಸೀಟಿನಲ್ಲಿ ವಾರ್ತೆಯಕ್ಕ ಕೂತಿದ್ದಳು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವಳಿಗೆ ಗೊತ್ತಾಗಬೇಕು, ಅವಳಿಂದ ಉಳಿದವರಿಗೆ. ಈಗ ನಾಣ್ಯವನ್ನು ಹೊರಗೆ ತೆಗೆದರೆ ಬಸ್ಸು ಮುಂದಿನ ನಿಲ್ದಾಣ ಮುಟ್ಟುವ ಮೊದಲೇ ಸುದ್ದಿ ಹೆಂಡತಿಯ ಕಿವಿ ಮುಟ್ಟುತ್ತದೆ.

ಡ್ರೈವರ್ ಬ್ರೇಕ್ ಹಾಕಿದ. ನಾಣ್ಯ ಗಂಟಲಿನತ್ತ ಹೊರಟಿತು. ಬೈಂಡರ್ ಗಪ್ಪನೆ ಕೆನ್ನೆ ಹಿಡಿದು ಕತ್ತು ಬಗ್ಗಿಸಿದ.

“ಅಯ್ಯೋ, ಹಲ್ಲು ನೋವಾ ಅಣ್ಣಾ? ಮೊದಲೇ ಹೇಳಬಾರದಾ?” ಎಂದಳು ವಾರ್ತೆಯಕ್ಕ.

ಅಷ್ಟು ಸಾಕಾಯಿತು. ಬಸ್ಸಿಗೆ ಬಸ್ಸೇ ವೈದ್ಯನಾಯಿತು. ಒಬ್ಬರು ಲವಂಗ ಕಚ್ಚಲು ಹೇಳಿದರು, ಇನ್ನೊಬ್ಬರು ಉಪ್ಪುನೀರು ಎಂದರು. “ನಮ್ಮ ಭಾವನಿಗೂ ಹೀಗೇ ಶುರುವಾಗಿದ್ದು” ಎಂದು ಆರಂಭಿಸಿದ ಮೂರನೆಯವರು, ಭಾವನಿಗೆ ಆಮೇಲೆ ಏನಾಯಿತೆಂದು ಹೇಳದೆ ನಿಟ್ಟುಸಿರು ಬಿಟ್ಟರು.

“ಉಂಹ್ಞೂಂ, ಉಂಹ್ಞೂಂ” ಎಂದು ಬೈಂಡರ್ ತಲೆಯಾಡಿಸಿದ.

“ನೋಡಿ, ಎಷ್ಟು ನೋವಿದ್ರೆ ಹೀಗೆ ನರಳ್ತಾರೆ! ಕಂಡಕ್ಟ್ರೇ, ನಿಲ್ಸಿ. ಇಲ್ಲೇ ನನ್ನ ಡಾಕ್ಟ್ರು ಇದಾರೆ.”

ಹಸು ಕರುವನ್ನು ನೂಕಿಕೊಂಡು ಹೋದಂತೆ ವಾರ್ತೆಯಕ್ಕ ಅವನನ್ನು ಕೆಳಗಿಳಿಸಿದಳು. ತೋಳು ಬಿಡಿಸಿಕೊಳ್ಳಲು ನೋಡಿದ. ನಲವತ್ತು ವರ್ಷ ನೀರೆತ್ತಿದ ಕೈ, ಬಿಡಲಿಲ್ಲ. ಹಲ್ಲಿನ ಡಾಕ್ಟರರ ಕುರ್ಚಿ ಅವನ ಬೆನ್ನಿಗೆ ತಾಗಿದಾಗಲೇ ಅವಳು ತೋಳು ಬಿಟ್ಟಿದ್ದು. ಬಿಟ್ಟು, ಎದುರಿಗೇ ನಿಂತಳು.

“ಬಾಯಿ ತೆಗೀರಿ” ಎಂದರು ಡಾಕ್ಟರರು.

ತೆಗೆಯಲಿಲ್ಲ.

“ಭಯ ಬೀಳ್ತಾರೆ ಡಾಕ್ಟ್ರೇ. ಮೂಗು ಹಿಡೀರಿ” ಎಂದಳು ವಾರ್ತೆಯಕ್ಕ. ಡಾಕ್ಟರರು ಹಿಂಜರಿದರು. ಅವಳೇ ಹಿಡಿದಳು.

ಬಾಯಿ ತೆರೆಯಿತು. ಸೂಜಿ ಚುಚ್ಚಿತು. ನಾಲಗೆ, ದವಡೆ, ತುಟಿ ಒಂದೊಂದಾಗಿ ಮನೆ ಖಾಲಿ ಮಾಡಿಕೊಂಡು ಹೊರಟವು. ಬಾಯಿ ತುಂಬ ಹತ್ತಿ. ತಲೆಯ ಮೇಲೆ ದೀಪ, ಕಿವಿಯಲ್ಲಿ ಗುಂಯ್ ಎಂಬ ಸದ್ದು. ಬೈಂಡರ್ ಕಣ್ಣು ಮುಚ್ಚಿಕೊಂಡ.

“ನೀವು ಬಂದಿದ್ದು ಒಳ್ಳೇದಾಯ್ತು” ಎಂದರು ಡಾಕ್ಟರರು ಕೊನೆಗೆ, ಕೈ ತೊಳೆಯುತ್ತಾ. “ದವಡೆ ಹಲ್ಲಲ್ಲಿ ಇಷ್ಟು ದೊಡ್ಡ ಹಳ್ಳ. ಅದರಲ್ಲಿ ಹಿಂದೆ ಯಾರೋ ತುಂಬಿದ್ದ ಬೆಳ್ಳಿ ಕಿತ್ತುಬಂದು ನಾಲಗೆ ಕೆಳಗೆ ಬಿದ್ದಿತ್ತು. ಚಿಂತೆ ಬೇಡ, ಹಳ್ಳ ಭದ್ರವಾಗಿ ಮುಚ್ಚಿದೀನಿ. ಎರಡು ಗಂಟೆ ಮಾತಾಡಬೇಡಿ.”

ಬೈಂಡರ್ ಕನ್ನಡಿ ಎಳೆದುಕೊಂಡು ಬಾಯಿ ಅಗಲಿಸಿದ. ದವಡೆಯ ಹಲ್ಲಿನಲ್ಲಿ ಬೆಳ್ಳಿ ಮಿನುಗುತ್ತಿತ್ತು. ಇವರು ಗೂಬೆಯನ್ನು ತನ್ನ ಹಲ್ಲಿನಲ್ಲಿ ಕೂರಿಸಿ ಗಾರೆ ಹಾಕಿಬಿಟ್ಟಿದ್ದಾರೆ! ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಕಿತ್ತುಕೊಡಿ ಎನ್ನಲು ನಾಲಗೆಯಿಲ್ಲ, ಬರೆದು ತೋರಿಸೋಣವೆಂದರೆ ವಾರ್ತೆಯಕ್ಕನ ಕಣ್ಣು ಅಲ್ಲೇ. ಒಂದು ಕ್ಷಣ ಯೋಚಿಸಿದ. ನಾಣ್ಯವನ್ನು ತರಬೇಕು ಎಂದಷ್ಟೇ ನಿಯಮ. ಎಲ್ಲಿಟ್ಟು ತರಬೇಕೆಂದು ಯಾರೂ ಹೇಳಿಲ್ಲ. ವಾರ್ತೆಯಕ್ಕ ತನ್ನ ಹಲ್ಲನ್ನೂ ಒಮ್ಮೆ ತೋರಿಸಲು ಕುರ್ಚಿಗೆ ಹತ್ತಿದ್ದೇ ತಡ, ಅವನು ಓಟ ಕಿತ್ತ.

ಸಂಘದ ಉದ್ದನೆಯ ಮೇಜಿನ ಸುತ್ತ ಹನ್ನೊಂದು ಜನ. ಬೈಂಡರ್ ಕಾಗದದಲ್ಲಿ ಬರೆದ: ‘ಅರ್ಧ ಒಬೊಲ್. ಬಲಗಡೆ ಕೊನೆಯ ಹಲ್ಲು. ಗ್ರೀಕರ ಪದ್ಧತಿಯಂತೆ ತಂದಿದ್ದೇನೆ.’

ವಕೀಲರು ನಕ್ಕರು. “ಹೋದ ಸಲ ತಡವಾಗಿ ಬಂದ್ರಿ. ಈ ಸಲ ಬಾಯಲ್ಲಿಟ್ಕೊಂಡು ಬಂದಿದೀರಿ. ಮುಂದಿನ ಸಲ ಅನ್ನೋದೇ ಇಲ್ಲ, ನೆನಪಿರಲಿ.”

“ಸುಮ್ನಿರಯ್ಯ” ಎಂದರು ಗಾಜಜ್ಜ. ಟಾರ್ಚು ತರಿಸಿದರು. ಭೂತಗನ್ನಡಿ ಒರೆಸಿದರು. “‘ಆ’ ಅನ್ನಪ್ಪ.”

ಬೈಂಡರ್ ಆ ಎಂದ. ಏಳು ನಿಮಿಷ ಆ ಎಂದ. ಗಾಜಜ್ಜನ ಮೂಗು ಅವನ ತುಟಿಗೆ ಎರಡು ಸಲ ತಾಗಿತು.

“ಗೂಬೆ” ಎಂದರು ಗಾಜಜ್ಜ ಮೆಲ್ಲಗೆ. “ಎಡಗಣ್ಣು ಸವೆದಿದೆ. ರೆಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಇಂಥ ಕೆಲಸ ಈಗಿನವರ ಕೈಲಿ ಆಗಲ್ಲ. ಅಸಲಿ.”

ವಕೀಲರೂ ಬಗ್ಗಿದರು. “ನನಗೆ ಗೂಬೆ ಕಾಣಿಸ್ತಿಲ್ಲವಲ್ಲ ಅಜ್ಜಾ?”

“ಕಾಣಿಸೋದಕ್ಕೆ ಕಣ್ಣು ಬೇಕಪ್ಪ.”

“ಹಾಂ, ಹಾಂ, ಈಗ ಕಾಣಿಸ್ತು” ಎಂದರು ವಕೀಲರು ಅವಸರದಲ್ಲಿ. “ಕೊಕ್ಕು ಕೂಡ!” ಆಮೇಲೆ ಸಾಲಾಗಿ ಬಂದ ಒಂಬತ್ತು ಜನಕ್ಕೂ ಗೂಬೆ ಕಂಡಿತು. ಒಬ್ಬರಿಗಂತೂ ಅದು ತಮ್ಮನ್ನೇ ದಿಟ್ಟಿಸಿದ ಹಾಗಾಯಿತಂತೆ. ಚಪ್ಪಾಳೆ ಬಿತ್ತು. ಒಬ್ಬರು ತೆರೆದ ಬಾಯಿಯ ಫೋಟೋ ತೆಗೆದರು. ಕಾರ್ಯದರ್ಶಿ ಪುಸ್ತಕದಲ್ಲಿ ಬೈಂಡರನ ಹೆಸರು ಬರೆದರು. ಅವನು ಎದೆಯುಬ್ಬಿಸಿ ರುಜು ಹಾಕಿದ.

ಐದೂವರೆಗೆ ನಾಲಗೆ ಮನೆಗೆ ಮರಳಿತು. ಬೈಂಡರ್ ಮತ್ತೆ ಹಲ್ಲಿನ ಡಾಕ್ಟರರ ಬಳಿ ಹೋದ. ವಾರ್ತೆಯಕ್ಕ ಅಲ್ಲಿರಲಿಲ್ಲ. “ಡಾಕ್ಟ್ರೇ, ನನ್ನ ಹಲ್ಲಲ್ಲಿ ಕೂರಿಸಿದೀರಲ್ಲ, ಅದು ನಾಣ್ಯ. ಹಲ್ಲು ಹೋದ್ರೂ ಪರವಾಗಿಲ್ಲ, ಅದನ್ನ ಮೆಲ್ಲಗೆ ತೆಗೆದುಕೊಡಿ” ಎಂದ ಗತ್ತಿನಿಂದ.



“ನಾಣ್ಯಾನಾ? ನಾಲಗೆ ಕೆಳಗಿತ್ತಲ್ಲ, ಆ ಕಪ್ಪು ಚೂರಾ? ಅದನ್ನ ಆಗಲೇ ಕಸದ ಬುಟ್ಟಿಗೆ ಹಾಕಿದೆ. ಕಸದ ಗಾಡಿ ನಾಲ್ಕೂವರೆಗೇ ಬಂದು ಹೋಯ್ತು.”

“ಹಾಗಾದ್ರೆ ನನ್ನ ಹಲ್ಲಲ್ಲಿರೋದು?”

“ನಾನೇ ಕಲಸಿ ತುಂಬಿದ್ದು. ಹೊಚ್ಚ ಹೊಸದು. ಹತ್ತು ವರ್ಷ ಏನೂ ಆಗಲ್ಲ.”

ಬೈಂಡರ್ ಅದೇ ಕುರ್ಚಿಯಲ್ಲಿ ಕುಸಿದು ಕೂತ. ನಿಜ ಹೇಳಿದರೆ ಗಾಜಜ್ಜನ ನಲವತ್ತು ವರ್ಷ ಹೋಯಿತು, ಗೂಬೆ ಕಂಡ ಹತ್ತು ಜನರ ಮಾನ ಹೋಯಿತು, ತನ್ನ ಸದಸ್ಯತ್ವವೂ ಹೋಯಿತು. ಹೇಳದಿದ್ದರೆ? ಯಾರಿಗೆ ಗೊತ್ತಾಗುತ್ತದೆ? ಅವನು ಸ್ವಲ್ಪ ಚೇತರಿಸಿಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಸಂಘದ ಕಾರ್ಯದರ್ಶಿ.

“ಅಭಿನಂದನೆ ಸ್ವಾಮಿ! ನಿಮ್ಮ ಬಾಯಿಯ ಫೋಟೋ ಪತ್ರಿಕೆಗೆ ಕಳಿಸಿದೀವಿ, ಬೆಳಿಗ್ಗೆ ನಿಮ್ಮ ಮನೆಯವರಿಗೆ ತೋರಿಸಿ. ಇನ್ನು ಮೇಲೆ ಪ್ರತಿ ಭಾನುವಾರ ಹತ್ತರಿಂದ ಐದರವರೆಗೆ ನಮ್ಮ ಕಿಟಕಿ ಹತ್ತಿರ ಬಾಯಿ ತೆಗೆದುಕೊಂಡು ಕೂತಿರಬೇಕು, ಜನ ನೋಡೋಕೆ ಬರ್ತಾರೆ. ಗಾಜಜ್ಜ ಇನ್ನೊಂದು ಮಾತು ಹೇಳಿದಾರೆ.”

“ಏನು?”

“ಆ ಹಲ್ಲು ಮಾತ್ರ ಉಜ್ಜಬೇಡಿ. ಹಳೇ ಬೆಳ್ಳಿ ಉಜ್ಜಿದ್ರೆ ಬೆಲೆ ಹೋಗುತ್ತಂತೆ.”