ಒಂದು ಮುಖಕ್ಕೆ ಬೇಕಾದ ಪುಸ್ತಕಗಳು

…ಅಲ್ಲ, ರಟ್ಟು ಕೆಂಪಗಿರಲಿಲ್ಲ. ಹಸಿರಿತ್ತು. ಅಥವಾ ಎಲುಬಿನ ಚಿತ್ರಗಳ ಆ ಪುಸ್ತಕಕ್ಕೆ ರಟ್ಟೇ ಇರಲಿಲ್ಲವೋ ಏನೋ! ಇಷ್ಟು ವರ್ಷ ಕೆಂಪು ಎಂದು ಎಲ್ಲರಿಗೂ ಹೇಳಿಕೊಂಡು ಬಂದವನು ಬರೆಯಲು ಕೂತ ಕೂಡಲೇ ಹಸಿರು ಎನ್ನುತ್ತಿದ್ದೇನೆ. ನನ್ನ ನೆನಪನ್ನು ನಂಬಿಕೊಂಡು ನೀವು ಎಲ್ಲಿಗೂ ಹೊರಡಬೇಡಿ. ಒಂದು ಮಾತು ಮಾತ್ರ ಖಾತ್ರಿ: ನನ್ನ ಸೋದರಮಾವ ಯಾರು ಎದುರಿಗೆ ಬಂದರೂ ಮೊದಲು ಅವರ ಚರ್ಮ ಸುಲಿಯುತ್ತಿದ್ದ. ಹೆದರಬೇಡಿ, ಕಣ್ಣಿನಿಂದಲೇ!

ಮಾವನ ಕೆಲಸ ದಾಂಡೇಲಿಯಲ್ಲಿ, ಕಾಗದದ ಕಾರ್ಖಾನೆಯ ರದ್ದಿ ಗೋದಾಮಿನಲ್ಲಿ. ಊರೂರಿನ ಹಳೆಯ ಪುಸ್ತಕಗಳು ಅಲ್ಲಿಗೆ ಬಂದು ಬಿದ್ದು, ನೀರಿನಲ್ಲಿ ಅರೆದು, ಮತ್ತೆ ಕಾಗದವಾಗಿ ಹುಟ್ಟುತ್ತಿದ್ದವು. ಅಂಥ ಪುನರ್ಜನ್ಮದಿಂದ ಮಾವ ಎರಡು ಇಂಗ್ಲಿಷ್ ಪುಸ್ತಕಗಳನ್ನು ತಪ್ಪಿಸಿ ಮನೆಗೆ ತಂದ. ಕದ್ದದ್ದಲ್ಲ! ಸಾಹೇಬರನ್ನು ಕೇಳಿ, ಅಷ್ಟೇ ತೂಕದ ಹಳೆಯ ಪೇಪರು ತೂಗಿಕೊಟ್ಟು ತಂದದ್ದು. ಒಂದರಲ್ಲಿ ಮೂರ್ತಿ ಮಾಡುವವರಿಗಾಗಿ ಮನುಷ್ಯರ, ಎತ್ತುಗಳ, ಕುದುರೆಗಳ ಎಲುಬು-ಸ್ನಾಯುಗಳ ಚಿತ್ರಗಳು. ಇನ್ನೊಂದರಲ್ಲಿ ಮಣ್ಣು ಹದ ಮಾಡುವ, ಸುಡುವ ವಿದ್ಯೆ. ಮಾವನಿಗೆ ಇಂಗ್ಲಿಷ್ ಬಾರದು. ಧಾರವಾಡದ ಕಾಲೇಜಿನಿಂದ ರಜೆಗೆ ಬಂದಾಗ ನಾನೇ ಓದಿ ಹೇಳಬೇಕು.

ಯಾತಕ್ಕೆ ಇದೆಲ್ಲ? ನನ್ನ ಅವ್ವನ ಮುಖ ಮಾಡುವುದಕ್ಕೆ.

ಅವ್ವ ಮಾವನ ಅಕ್ಕ. ನಾನು ನಡೆಯಲು ಕಲಿಯುವ ಹೊತ್ತಿಗೆ ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ. ಅಪ್ಪನನ್ನು ಕೇಳಿದರೆ "ಛಲೋ ಇದ್ಲು" ಎನ್ನುವುದರ ಮುಂದೆ ಮಾತಿಲ್ಲ. ಛಲೋ ಎಂಬುದಕ್ಕೆ ಮೂಗು ಎಲ್ಲಿರುತ್ತದೆ ಹೇಳಿ! ಹೀಗಾಗಿ ಅವ್ವನ ಮುಖ ಉಳಿದದ್ದು ಮಾವನ ತಲೆಯೊಳಗೆ ಮಾತ್ರ. ಅಲ್ಲಿಂದ ಅಳಿಸಿಹೋಗುವ ಮೊದಲು ಅದನ್ನು ಮಣ್ಣಿಗೆ ಇಳಿಸಬೇಕು. ಮಾವನ ಧಾವಂತವೆಲ್ಲ ಇದೇ.

"ಎಲುಬು ತಿಳದರ ಸಾಕು, ಮಾರಿ ತಾನ ಬರ್ತೈತಿ," ಎನ್ನುತ್ತಿದ್ದ.

ಎಲುಬಿನ ಅಭ್ಯಾಸಕ್ಕೆ ಹಳಿಯಾಳದ ಬಸ್ಸೇ ಪಾಠಶಾಲೆ. ಒಮ್ಮೆ ಎದುರು ಸೀಟಿನ ಹಿರಿಯರೊಬ್ಬರನ್ನು ಕಣ್ಣು ಮಿಟುಕಿಸದೆ ನೋಡುತ್ತ ಕೂತ. ಅವರು ತಲೆಯ ಪಟಗ ಸರಿಮಾಡಿಕೊಂಡರು, ಕೆಮ್ಮಿದರು, ಕೊನೆಗೆ ಕೇಳಿಯೇಬಿಟ್ಟರು.

"ಏನ್ ನೋಡಾಕತ್ತಿ?"

"ನಿಮ್ಮ ದವಡಿ ಎಲುಬು ನೋಡ್ರಿ, ಭಾಳ ಛಲೋ ಐತಿ. ಪುಸ್ತಕದಾಗೂ ಹಿಂಗ ಐತಿ," ಎಂದು ಮಾವ ಬುರುಡೆಯ ಚಿತ್ರ ಬಿಡಿಸಿ ಅವರ ಮುಖದ ಪಕ್ಕ ಹಿಡಿದ.

"ನಾ ಇನ್ನಾ ಸತ್ತಿಲ್ಲೋ ತಮ್ಮಾ, ಮುಚ್ಚದನ್ನ!"

ಮುಂದಿನ ದಾರಿಯುದ್ದಕ್ಕೂ ಅವರು ಕಂಡಕ್ಟರನ ಪಕ್ಕದಲ್ಲಿ ನಿಂತೇ ಬಂದರು.

ಅತ್ತೆಯ ತವರು ಚಿಗಳ್ಳಿ. ಮಣ್ಣೆತ್ತಿನ ಅಮಾವಾಸ್ಯೆಗೆ ಅಲ್ಲಿಗೆ ಹೋದಾಗ, ಪೂಜೆಯ ಮಣ್ಣಿನ ಎತ್ತುಗಳನ್ನು ತಾನೇ ಮಾಡುತ್ತೇನೆಂದು ಮಾವ ಕೂತ. ಮಾಡಿದ್ದೇನೋ ನಿಜ, ಎಂಥ ಎತ್ತುಗಳು! ಪಕ್ಕೆಲುಬು ಒಂದೊಂದೂ ಎದ್ದು ಕಾಣುತ್ತಿದೆ, ಸೊಂಟದ ಮೂಳೆ ಗೂಟದಂತಿದೆ. ಅತ್ತೆಯ ಅಪ್ಪ ಮಣೆಯ ಸುತ್ತ ಒಮ್ಮೆ ತಿರುಗಿದರು.

"ಅಳಿಯಂದ್ರ, ಇವಕ್ಕ ಯಾವಾಗಿಂದ ಮೇವು ಹಾಕಿಲ್ರಿ?"

"ಎಲುಬೆಲ್ಲಾ ಬರೋಬ್ಬರಿ ಅದಾವ್ರಿ ಮಾವಾರ."

"ಅದ ಅಂಜಿಕಿ ನನಗ! ಇಂಥಾವನ್ನ ಪೂಜಿ ಮಾಡಿದ್ರ ಊರಾಗ ಹುಲ್ಲ ಹುಟ್ಟಂಗಿಲ್ಲ."

ಮಾವ ಮತ್ತೆ ಕೂತು ಮಣ್ಣು ಮೆತ್ತಿದ. ನೋಡುತ್ತಿದ್ದಂತೆ ಎತ್ತುಗಳು ಮೈ ತುಂಬಿಕೊಂಡವು. ಪುಸ್ತಕದ ವಿದ್ಯೆಯೆಲ್ಲ ಅವುಗಳ ಹೊಟ್ಟೆಯೊಳಗೆ ಹೋಯಿತು!

ಆಮೇಲೆ ಅವ್ವನ ತಲೆ. ಅಥವಾ ಅದು ಎತ್ತುಗಳಿಗಿಂತ ಮೊದಲೋ? ಇರಲಿ. ಮಾಡಿ ಮುಗಿಸಿದ ಮೇಲೆ ಸುಡಬೇಕು. ನಾನು ಎರಡನೆಯ ಪುಸ್ತಕ ಓದಿದೆ: ಸುಡುವ ಮೊದಲು ತಲೆಯ ಹಿಂಭಾಗ ಕೊಯ್ದು ಒಳಗಿನ ಮಣ್ಣು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ.

"ಮತ್ತೊಮ್ಮೆ ಓದು."

ಓದಿದೆ.

"ಆ ಎಲುಬಿನ ಪುಸ್ತಕದಾಗ ಏನಂದಾರ?"

"ಅದರಾಗ ಸುಡೂ ಮಾತ ಇಲ್ಲ ಮಾಮಾ."

"ಹಂಗಾರ ಅದ ಶಾಣ್ಯಾ ಪುಸ್ತಕ!" ಎಂದ. ಮತ್ತೆ ತಗ್ಗಿದ ದನಿಯಲ್ಲಿ, "ಅಕ್ಕನ ತಲಿ ಕೊಯ್ದು ಕೆರೀಲೇನೋ? ನಿನ್ನ ಕೈಲೆ ಆಗ್ತೈತೇನು, ಹೇಳು."

ನಾನು ಪುಸ್ತಕ ಮುಚ್ಚಿದೆ.

ತಲೆ ಇದ್ದ ಹಾಗೆಯೇ ಹಳಿಯಾಳದ ಕುಂಬಾರನ ಆವಿಗೆಗೆ ಹೋಯಿತು, ಅವನ ಗಡಿಗೆಗಳ ನಡುವೆ ಕೂತಿತು. ಮುಂದಿನದು ನೀವೇ ಊಹಿಸಿ. ಢಂ!

"ಏನ್ರೀ, ನಿಮ್ಮ ಅಕ್ಕ ನನ್ನ ಗಡಿಗಿ ಎಲ್ಲಾ ಒಡದ್ಲಲ್ಲರೀ!" ಎಂದು ಕುಂಬಾರ ತಲೆಯ ಮೇಲೆ ಕೈಹೊತ್ತ.

ಮಾವ ಬೂದಿಯಲ್ಲಿ ಚೂರುಗಳನ್ನು ಆರಿಸುತ್ತ, "ಇದ್ದಾಗೂ ಸಿಟ್ಟು ಹಿಂಗ ಇತ್ತಪಾ," ಎಂದ. ನಕ್ಕನೋ? ನಕ್ಕ ಎಂದೇ ಇಷ್ಟು ದಿನ ಹೇಳುತ್ತ ಬಂದಿದ್ದೇನೆ.

ಮಾವ ಮತ್ತೆ ಮಾಡತೊಡಗಿದ ಎರಡನೆಯ ತಲೆಯನ್ನು ಸುಡುವುದೇ ಇಲ್ಲ ಎಂದು ತೀರ್ಮಾನವಾಯಿತು. ಸುಡದ ಮಣ್ಣು ಒಣಗಿದರೆ ಬಿರಿಯುತ್ತದೆ; ಅದಕ್ಕೆ ಒದ್ದೆ ಗೋಣಿ ಹೊದಿಸಿಟ್ಟ. ಮಾವ ಡ್ಯೂಟಿಗೆ ಹೋದಾಗ ನೀರು ಚಿಮುಕಿಸುವ ಪಾಳಿ ಅತ್ತೆಯದು.

"ಕಣ್ಣಿಲೆ ನೋಡದ ನಾದಿನಿ! ಅಕೀ ಚಾಕರೀನೂ ನನ್ನ ಹಣೇದಾಗ ಬರದಿತ್ತು," ಎಂದು ಗೊಣಗುತ್ತಲೇ ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ.

ನಾನು ಬಂದಾಗಲೆಲ್ಲ ಮಾವ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ಕೈವಾರದಿಂದ ಮುಖ ಅಳೆಯುತ್ತಿದ್ದ. "ಗದ್ದ ಅಕೀದ ಐತಿ ನಿನಗ. ಅಳ್ಳಾಡಬ್ಯಾಡ." ನನಗೋ ಕೂತಲ್ಲಿ ಕೂರಲಾಗದು. ಗದ್ದ ಒಮ್ಮೆ ಅತ್ತ, ಒಮ್ಮೆ ಇತ್ತ. ಮಣ್ಣಿನ ಅವ್ವನೂ ಅತ್ತಿತ್ತ!

ಒಂದು ದಿನ ಅಳೆಯುತ್ತಿದ್ದವನು ಕೈವಾರ ಕೆಳಗಿಟ್ಟ. ಕೈ ಒರೆಸಿಕೊಂಡ.

"ಅಕೀ ಮಾರಿ ನನಗ ಈಗ ನೆನಪಾಗವಲ್ದೋ. ನಿನ್ನ ನೋಡೀ ನೋಡೀ, ಅಕೀದ್ಯಾವುದು, ನಿಂದ್ಯಾವುದು, ತಿಳೀವಲ್ದಾತು." ಎರಡೂ ಪುಸ್ತಕಗಳನ್ನು ನನ್ನತ್ತ ಸರಿಸಿದ. "ಇದಕ್ಕೇನರ ಬರದಾರೇನು, ನೋಡು."

ನೋಡಿದೆ. ಹಾಳೆ ಹಾಳೆ ತಿರುವಿ ನೋಡಿದೆ. ಎಲುಬಿತ್ತು, ಸ್ನಾಯುವಿತ್ತು, ಬೆಂಕಿಯ ಹದವಿತ್ತು.

"ಇಲ್ಲ ಮಾಮಾ."

ಅವನು ಮಣ್ಣಿನ ತಲೆಯ ಎಡಗಿವಿಯ ಕೆಳಗೆ ಹೆಬ್ಬೆರಳು ಒತ್ತಿ ಏನೋ ಸರಿಮಾಡಿದ. ಗೋಣಿ ಹೊದಿಸಿದ.

ಮಾವ ತೀರಿಕೊಂಡ ಮೇಲೆ ಅತ್ತೆ ಆ ತಲೆಯನ್ನು, ಪೂಜೆಯಾದ ಮೇಲೆ ಮಣ್ಣೆತ್ತುಗಳನ್ನು ನೀರಿಗೆ ಬಿಡುವ ಹಾಗೆ, ಕಾಳಿ ಹೊಳೆಗೆ ಬಿಟ್ಟಳು. ಪುಸ್ತಕಗಳು ಎಲ್ಲಿ ಹೋದವೋ!

ಈಗ ಕಣ್ಣು ಮುಚ್ಚಿದರೆ ಅವ್ವ ಬರುತ್ತಾಳೆ. ಗದ್ದ, ಹಣೆ, ಎಲ್ಲ ಸ್ಪಷ್ಟ. ಎಡಗಿವಿಯ ಕೆಳಗೆ ಒಂದು ಸಣ್ಣ ಕುಳಿ ಇದೆ. ಅದು ಅವಳಿಗೆ ಇತ್ತೋ, ಮಾವನ ಹೆಬ್ಬೆರಳೋ, ನನಗೆ ಗೊತ್ತಿಲ್ಲ.