ಎಂಟು ಮೈಲಿ ದೂರದ ರಜೆ

ಕಳೆದ ಡಿಸೆಂಬರಿನ ಮೂರನೆಯ ಶನಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ನಾನು ನಮ್ಮೂರಿನ ಪಕ್ಕದ ಇರ್ವಿಂಗಿನ ಒಂದು ಹೋಟೆಲಿನ ತಿಂಡಿ ಕೋಣೆಯಲ್ಲಿ, ವಾಫಲ್ ಎಂಬ ಚೌಕುಳಿ ದೋಸೆ ಸುಡುವ ಯಂತ್ರದ ಎದುರು ನಿಂತಿದ್ದೆ. ಕೈಯಲ್ಲಿ ಹಿಟ್ಟಿನ ಲೋಟ, ಕಾಲಲ್ಲಿ ಹವಾಯಿ ಚಪ್ಪಲಿ. ಅಲ್ಲಿಂದ ನನ್ನ ಸ್ವಂತ ಮನೆ ಎಂಟು ಮೈಲಿ. ಇಷ್ಟನ್ನು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಮುಂದಿನದನ್ನು ಹೇಳುವಾಗ ಮಾತ್ರ ಈಗಲೂ ಸುತ್ತ ಯಾರಿದ್ದಾರೆ ಎಂದು ನೋಡಿಕೊಳ್ಳುತ್ತೇನೆ.

ಹನ್ನೊಂದು ವರ್ಷದ ಹಿಂದೆ ಪುಕ್ಕಟೆ ಊಟವಿದೆ ಎಂದು ಕರೆದಲ್ಲಿಗೆ ಹೋಗಿ, ಹೊರಗೆ ಬರುವಾಗ ರಜೆಮನೆಗಳ ಪಾಲುದಾರರಾಗಿದ್ದ ದಂಪತಿಗಳು ನಾವು. ಪಾಲು ಎಂದರೆ ಗೋಡೆಯೂ ಅಲ್ಲ, ಬಾಗಿಲೂ ಅಲ್ಲ, ಪಾಯಿಂಟುಗಳು. ವರ್ಷಕ್ಕಿಷ್ಟು ಎಂದು ಬರುತ್ತವೆ, ಬಳಸದಿದ್ದರೆ ವರ್ಷದ ಕೊನೆಗೆ ಸತ್ತುಹೋಗುತ್ತವೆ. ಸಮುದ್ರದ ದಂಡೆಯ ರೆಸಾರ್ಟಿನಲ್ಲಿ ಒಂದು ವಾರ ಇರಿಸಿಕೊಳ್ಳುವ ಪಾಯಿಂಟುಗಳನ್ನು ಹೋಟೆಲಿಗೆ ಬದಲಾಯಿಸಿದರೆ ಎರಡೇ ರಾತ್ರಿ ಸಿಗುತ್ತದೆ. ಹೀಗಾಗಿ ಹೋಟೆಲಿಗೆ ಹಾಕುವುದು ಮೂರ್ಖತನ ಎಂದು ಪ್ರತಿ ಜನವರಿಯಲ್ಲಿ ತೀರ್ಮಾನಿಸುತ್ತೇನೆ. ರೆಸಾರ್ಟಿಗೆ ಹೋಗಲು ರಜೆ ಸಿಗದೆ ಪ್ರತಿ ಡಿಸೆಂಬರಿನಲ್ಲಿ ಒದ್ದಾಡುತ್ತೇನೆ. ಫ್ರಿಜ್ಜಿನಲ್ಲಿ ಉಳಿದ ಸಾರನ್ನು ಚೆಲ್ಲಲು ಮನಸ್ಸಾಗದೆ, ಹಸಿವಿಲ್ಲದಿದ್ದರೂ ಅನ್ನಕ್ಕೆ ಸುರಿದುಕೊಳ್ಳುವ ಸ್ವಭಾವ ನನ್ನದು.

ಈ ಸಲ ಆಸ್ಟಿನ್ನಿನಲ್ಲಿ ಎರಡು ರಾತ್ರಿ ಎಂದುಕೊಂಡಿದ್ದೆವು. ಅಷ್ಟರಲ್ಲಿ ಹ್ಯೂಸ್ಟನ್ನಿನಿಂದ ಗುರುರಾಜ ಫೋನ್ ಮಾಡಿದ. ಓದುವ ಕಾಲದಲ್ಲಿ ಒಂದೇ ಕೋಣೆಯಲ್ಲಿ ಮೂರು ವರ್ಷ ನನ್ನ ಗೊರಕೆ ಸಹಿಸಿದವನು ಅವನು. ಈಗ ಅಲ್ಲಿನ ಕ್ಲಿಯರ್ ಲೇಕ್ ಬಡಾವಣೆಯಲ್ಲಿ ಎಂಜಿನಿಯರ್. ಧಾರವಾಡದಿಂದ ಬಂದಿದ್ದ ಅವನ ತಾಯಿ ಇಂದಿರಾಬಾಯಿಯವರಿಗೆ ನಮ್ಮ ಕಡೆಯ ದೇವಸ್ಥಾನದಲ್ಲಿ ಸೇವೆ ಮಾಡಿಸಬೇಕಿತ್ತು. "ನಿಮ್ಮ ಮನ್ಯಾಗ ಎರಡು ದಿನ ಇರ್ತೀವಪಾ" ಎಂದ. "ಅಯ್ಯೋ, ನಾವು ಊರಲ್ಲೇ ಇರಲ್ವಲ್ಲೋ, ಆಸ್ಟಿನ್‌ಗೆ ಹೋಗ್ತಿದ್ದೀವಿ" ಎಂದೆ. ಹೇಳಿದ ಹೊತ್ತಿಗೆ ಅದು ನಿಜವೇ ಆಗಿತ್ತು. ಮರುದಿನ ನೋಡಿದರೆ ಆಸ್ಟಿನ್ ಭರ್ತಿ. ಪಾಯಿಂಟಿಗೆ ಉಳಿದಿದ್ದು ಇರ್ವಿಂಗ್ ಒಂದೇ.

"ಹಾಗಾದ್ರೆ ಗುರುರಾಜ್‌ಗೆ ಫೋನ್ ಮಾಡಿ, ಮನೇಗೇ ಬನ್ನಿ ಅನ್ನಿ" ಎಂದಳು ನನ್ನ ಹೆಂಡತಿ ವೀಣಾ. ಅವನಾಗಲೇ ಬೇರೆ ಏರ್ಪಾಡು ಮಾಡಿಕೊಂಡಿರುತ್ತಾನೆ, ಈಗ ಹೇಳಿದರೆ ಗೊಂದಲ ಎಂದೆ. ಅದು ಕಾರಣವಲ್ಲ. ಅವರು ಬಂದರೆ ನಾವು ಮನೆಯಲ್ಲಿರಬೇಕು, ಮನೆಯಲ್ಲಿದ್ದರೆ ಪಾಯಿಂಟು ಹಾಳು. ನಾನು ತೂಗಿ ನೋಡಿದೆ. ಪಾಯಿಂಟಿನ ತಟ್ಟೆ ಕೆಳಗೆ ಹೋಯಿತು.

ವಾಫಲ್ ಯಂತ್ರಕ್ಕೆ ಹಿಟ್ಟು ಸುರಿದು ಮುಚ್ಚಳ ತಿರುಗಿಸಿದಾಗ ಬೆನ್ನ ಹಿಂದೆ ದನಿ ಕೇಳಿತು.

"ಏನಲೇ, ಆಸ್ಟಿನ್ ಇಷ್ಟು ಹತ್ತರ ಬಂತೇನು?"

ಗುರುರಾಜ. ಪಕ್ಕದಲ್ಲಿ ಇಳಕಲ್ ಸೀರೆಯ ಮೇಲೆ ಸ್ವೆಟರ್ ತೊಟ್ಟ ಇಂದಿರಾಬಾಯಿ, ಕೈಯಲ್ಲಿ ಎರಡು ಬಾಳೆಹಣ್ಣು. ದೇವಸ್ಥಾನಕ್ಕೆ ಹತ್ತಿರವೆಂದು ಅವರೂ ಅದೇ ಹೋಟೆಲು ಹಿಡಿದಿದ್ದರು. ವೀಣಾ ಕಾಫಿ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದಳು. ನಾನು ಮುಚ್ಚಳದ ಹಿಡಿ ಬಿಡದೆ ತಿರುಗಿದೆ. ಯಂತ್ರ ಪೀಂ ಪೀಂ ಎಂದು ಕೂಗತೊಡಗಿತು.

ಇಂದಿರಾಬಾಯಿಯವರು ನನ್ನ ಚಪ್ಪಲಿ ನೋಡಿದರು. ಮರುಕದಿಂದ ಕೇಳಿದರು: "ಮನ್ಯಾಗ ಏನರ ರಿಪೇರಿ ನಡದದ ಏನಪಾ?"

"ಹೌದಮ್ಮಾ, ಅಡುಗೆಮನೆ ನಲ್ಲಿ ಸೋರ್ತಿದೆ. ನೀರೇ ಬಂದ್ ಮಾಡಿದ್ದೀವಿ" ಎಂದುಬಿಟ್ಟೆ. ವೀಣಾ ನನ್ನತ್ತ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

"ಇಷ್ಟೇ ಏನು?" ಎಂದ ಗುರುರಾಜ. "ಸೇವಾ ಮುಗಿಸಿ ಹೋಗೋಣು ನಡಿ. ಪಾನಾ, ಪಕ್ಕಡ್ ಕಾರಿನ್ಯಾಗ ಅವ."

ಬೇಡವೆಂದೆ, ಪ್ಲಂಬರಿಗೆ ಹೇಳಿದ್ದೇನೆಂದೆ. ಕೇಳಲಿಲ್ಲ. ಮಧ್ಯಾಹ್ನ ಎರಡೂವರೆಗೆ ನಾವು ನಾಲ್ವರೂ ನನ್ನ ಮನೆಯೊಳಗೆ ಕಾಲಿಟ್ಟೆವು. ಇಂದಿರಾಬಾಯಿಯವರು ಒಂದೊಂದೇ ಬಾಗಿಲಲ್ಲಿ ನಿಂತು, ಹೊಸ ಹೊದಿಕೆ ಹಾಸಿದ ಹಾಸಿಗೆಗಳನ್ನು ನೋಡುತ್ತ ಬಂದರು.

"ಮನಿ ಭಾಳ ಛಲೋ ಅದ. ಎಷ್ಟು ಖೋಲಿ ಅವಪಾ?"

"ನಾಲ್ಕು" ಎಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಹಿಂದೆಂದೂ ಲೆಕ್ಕ ಹೇಳಿರಲಿಲ್ಲ.

ಗುರುರಾಜ ಸಿಂಕಿನ ಕೆಳಗೆ ಅಂಗಾತ ಮಲಗಿ ಟಾರ್ಚ್ ಹಾಕಿದ. ಅಲ್ಲಿ ಎಲ್ಲವೂ ಒಣಗಿತ್ತು. ಕೊಳವೆಯ ಕೆಳಗಿಟ್ಟಿದ್ದ ಹಳೆಯ ಪತ್ರಿಕೆ ಕೂಡ ಗರಿಗರಿಯಾಗಿತ್ತು. ನೀರೂ ಬಂದ್ ಆಗಿರಲಿಲ್ಲ. ಅವನು ಒಮ್ಮೆ ತಲೆ ತಿರುಗಿಸಿ ನನ್ನನ್ನು ನೋಡಿದ. ಹತ್ತು ನಿಮಿಷ, ಮೊದಲೇ ಬಿಗಿಯಾಗಿದ್ದುದನ್ನು ಬಿಗಿ ಮಾಡುತ್ತ, ಪಾನಾದಿಂದ ಸದ್ದು ಮಾಡಿದ. ಆಮೇಲೆ ಎದ್ದು, ಒಣ ಕೈಗಳನ್ನು ಟವೆಲಿಗೆ ಒರೆಸಿಕೊಂಡು, ತಾಯಿಗೆ ಕೇಳುವ ಹಾಗೆ ಹೇಳಿದ:

"ವಾಷರ್ ಸವದಿತ್ತು. ಈಗ ಸರಿ ಆತು."

"ನೀರು ಬಂತಲ್ಲ, ಇನ್ನ ಹೋಟೆಲ್ ಯಾಕ? ಇಲ್ಲೇ ಇರೋಣು" ಎಂದರು ಇಂದಿರಾಬಾಯಿ. ಎರಡನೆಯ ರಾತ್ರಿಯ ಪಾಯಿಂಟು, ಹೋಟೆಲಿನ ಖಾಲಿ ಕೋಣೆಯಲ್ಲಿ ಒಂಟಿಯಾಗಿ ಮಲಗಿತು. ವೀಣಾ ಮಾಡಿದ ಬಿಸಿ ಅನ್ನ ತಿಳಿಸಾರಿನ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ. ಗುರುರಾಜ ಎರಡು ಸಲ ಸಾರು ಹಾಕಿಸಿಕೊಂಡ, ನನ್ನ ಗೊರಕೆಯ ಹಳೆಯ ಕತೆ ಹೇಳಿ ಎಲ್ಲರನ್ನೂ ನಗಿಸಿದ. ಬೈದಿದ್ದರೆ ಹಗುರವಾಗುತ್ತಿತ್ತು.

ಪಾಯಿಂಟುಗಳನ್ನು ಹೋಟೆಲಿಗೆ ಬಳಸುವುದು ಲಾಭವೇ ಎಂದು ಪರಿಚಯದವರು ಆಗಾಗ ಕೇಳುತ್ತಾರೆ. ಮೊದಲೆಲ್ಲ ಉದ್ದಕ್ಕೆ ವಿವರಿಸುತ್ತಿದ್ದೆ. ಈಗ, ನಿಮ್ಮ ಮನೆಯಲ್ಲಿ ಎಷ್ಟು ಕೋಣೆ ಎಂದು ಕೇಳಿ ಸುಮ್ಮನಾಗುತ್ತೇನೆ.

ಇದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟು ಮೂವರು: ವೀಣಾ, ಗುರುರಾಜ, ಇಂದಿರಾಬಾಯಿ. ಮೂವರೂ ಬದುಕಿದ್ದಾರೆ, ನೂರು ವರ್ಷ ಬಾಳಲಿ. ಧಾರವಾಡಕ್ಕೆ ಮರಳಿದ ಇಂದಿರಾಬಾಯಿಯವರು ಈಗಲೂ ಭಾನುವಾರದ ಫೋನಿನಲ್ಲಿ ತಪ್ಪದೆ ಕೇಳುತ್ತಾರೆ, "ನಳ ಮತ್ತ ಸೋರೂದಿಲ್ಲಲ್ಲಪಾ?"

ಇಲ್ಲಮ್ಮಾ, ಒಂದು ಹನಿಯೂ ಇಲ್ಲ ಎನ್ನುತ್ತೇನೆ. ಆ ನಲ್ಲಿಯ ಬಗ್ಗೆ ನಾನು ಅವರಿಗೆ ಹೇಳಿರುವ ನಿಜ ಅದೊಂದೇ.